ಜನನ ನೋಂದಣಿ ಪಟ್ಟಿ ಹಿಡಿದು ಶಿಶುಗಳನ್ನು ಉಳಿಸಿದ ವೈದ್ಯೆ: ಡಾ. ಸಾರಾ ಜೋಸೆಫೀನ್ ಬೇಕರ್

ಮಗು ಹುಟ್ಟಿದ ಮೇಲೆ ನಗರಪಾಲಿಕೆಯಲ್ಲಿ ನೋಂದಣಿ ಮಾಡಿಸಿ ಜನನ ಪ್ರಮಾಣಪತ್ರ ತರುತ್ತೇವೆ. ಶಾಲೆಗೆ ಸೇರಿಸುವಾಗ, ಪಾಸ್‌ಪೋರ್ಟ್ ಮಾಡಿಸುವಾಗ ಅದು ಬೇಕಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅದೇ ನೋಂದಣಿ ಪಟ್ಟಿ ಮಗುವಿನ ಪ್ರಾಣವನ್ನೂ ಉಳಿಸಬಲ್ಲದು ಎಂದು ನೂರು ವರ್ಷಗಳ ಹಿಂದೆಯೇ ತೋರಿಸಿಕೊಟ್ಟವರು ನ್ಯೂಯಾರ್ಕ್ ನಗರದ ಆರೋಗ್ಯ ಇಲಾಖೆಯಲ್ಲಿದ್ದ ಡಾ. ಸಾರಾ ಜೋಸೆಫೀನ್ ಬೇಕರ್. ಅವರು ಹೊಸ ಔಷಧಿ ಕಂಡುಹಿಡಿದವರಲ್ಲ, ದೊಡ್ಡ ಶಸ್ತ್ರಚಿಕಿತ್ಸೆ ಮಾಡಿದವರೂ ಅಲ್ಲ. ನಗರಾಡಳಿತದ ದಿನನಿತ್ಯದ ಕೆಲಸವನ್ನೇ ಸರಿಯಾಗಿ, ಸರಿಯಾದ ಸಮಯಕ್ಕೆ ಮಾಡಿಸಿದರು.

ಮನೆಯ ಎರಡು ಸಾವು

ಬೇಕರ್ ಹುಟ್ಟಿದ್ದು 1873ರ ನವೆಂಬರ್ 15ರಂದು, ನ್ಯೂಯಾರ್ಕ್ ರಾಜ್ಯದ ಪೊಕಿಪ್ಸಿ ಎಂಬ ಊರಿನಲ್ಲಿ. ತಂದೆ ವಕೀಲರು, ಅನುಕೂಲವಂತ ಕುಟುಂಬ. ಅವರಿಗೆ 16 ವರ್ಷವಾಗಿದ್ದಾಗ ತಂದೆಯೂ ತಮ್ಮನೂ ಟೈಫಾಯ್ಡ್‌ನಿಂದ ತೀರಿಕೊಂಡರು. ಮಲಿನವಾದ ನೀರು ಮತ್ತು ಆಹಾರದಿಂದ ಹರಡುವ ಈ ಜ್ವರಕ್ಕೆ ಆಗ ಆ್ಯಂಟಿಬಯೋಟಿಕ್ ಇರಲಿಲ್ಲ. ಮನೆಯ ಜವಾಬ್ದಾರಿ ತಾನು ಹೊರಬೇಕೆಂದು ಅವರು ವೈದ್ಯೆಯಾಗಲು ನಿರ್ಧರಿಸಿದರು.

ನ್ಯೂಯಾರ್ಕಿನಲ್ಲಿ ಮಹಿಳೆಯರಿಗಾಗಿಯೇ ಇದ್ದ ವೈದ್ಯಕೀಯ ಕಾಲೇಜಿಗೆ ಸೇರಿದರು. ಅಲ್ಲಿ ಅವರು ಒಂದೇ ಒಂದು ವಿಷಯದಲ್ಲಿ ಫೇಲಾದರು. ಆರೋಗ್ಯವಂತ ಮಗುವಿನ ಬೆಳವಣಿಗೆಯ ಕುರಿತ ಪಾಠ ಅದು. ಮತ್ತೆ ಓದಿ ಪರೀಕ್ಷೆ ಬರೆಯಬೇಕಾಯಿತು. ಹೀಗೆ ಎರಡನೇ ಸಲ ಓದುವಾಗ ಹುಟ್ಟಿದ ಆಸಕ್ತಿಯೇ ಮುಂದೆ ಅವರ ಜೀವನದ ಕೆಲಸವಾಯಿತು. 1898ರಲ್ಲಿ ತರಗತಿಗೆ ಎರಡನೆಯವರಾಗಿ ಪದವಿ ಪಡೆದರು.

ತಿಂಗಳಿಗೆ 30 ಡಾಲರ್

ಸ್ವಂತ ಕ್ಲಿನಿಕ್ ತೆರೆದ ಮೊದಲ ವರ್ಷ ಅವರಿಗೆ ಸಿಕ್ಕಿದ್ದು ಒಟ್ಟು 185 ಡಾಲರ್. ಅದರಲ್ಲಿ ಜೀವನ ಸಾಗುವಂತಿರಲಿಲ್ಲ. 1901ರಲ್ಲಿ ಪರೀಕ್ಷೆ ಬರೆದು ನಗರದ ಆರೋಗ್ಯ ಇಲಾಖೆಯಲ್ಲಿ ವೈದ್ಯಕೀಯ ಇನ್‌ಸ್ಪೆಕ್ಟರ್ ಆದರು. ಸಂಬಳ ತಿಂಗಳಿಗೆ 30 ಡಾಲರ್. ಶಾಲೆಗಳಿಗೆ ಹೋಗಿ ಕಾಯಿಲೆ ಇರುವ ಮಕ್ಕಳನ್ನು ಗುರುತಿಸುವುದು ಕೆಲಸ.

1902ರ ಬೇಸಿಗೆಯಲ್ಲಿ ಅವರನ್ನು ಹೆಲ್ಸ್ ಕಿಚನ್ ಎಂಬ ಬಡವರ ಬಡಾವಣೆಗೆ ಕಳುಹಿಸಲಾಯಿತು. ಮುಂಬೈಯ ಚಾಳ್‌ಗಳನ್ನು ಕಂಡವರಿಗೆ ಆ ಕಟ್ಟಡಗಳನ್ನು ಊಹಿಸುವುದು ಕಷ್ಟವಲ್ಲ. ಗಾಳಿ ಬೆಳಕಿಲ್ಲದ ಕೋಣೆಗಳು, ಒಂದೊಂದರಲ್ಲೂ ದೊಡ್ಡ ಸಂಸಾರ. ಬಿಸಿಲಿಗೆ ಹಾಲು ಕೆಡುತ್ತಿತ್ತು, ಕೆಟ್ಟ ಹಾಲು ಕುಡಿದ ಶಿಶುಗಳಿಗೆ ಭೇದಿ ಆಗುತ್ತಿತ್ತು. ಬೇಕರ್ ಮಹಡಿ ಮಹಡಿ ಹತ್ತಿ ಕಾಯಿಲೆ ಬಿದ್ದ ಶಿಶುಗಳನ್ನು ಹುಡುಕಿದರು. ಹೆಚ್ಚಿನ ಮನೆಗಳಿಗೆ ಅವರು ತಲುಪುವಷ್ಟರಲ್ಲಿ ಕಾಲ ಮೀರಿರುತ್ತಿತ್ತು. ಕಾಯಿಲೆ ಬಂದ ಮೇಲೆ ಹುಡುಕಿಕೊಂಡು ಹೋಗುವುದರಿಂದ ಪ್ರಯೋಜನವಿಲ್ಲ, ಕಾಯಿಲೆ ಬರುವ ಮೊದಲೇ ಮನೆ ತಲುಪಬೇಕು ಎಂಬುದು ಅವರಿಗೆ ಅಲ್ಲಿ ಮನವರಿಕೆಯಾಯಿತು.

ಇಲಾಖೆಯ ಇನ್ನೊಂದು ಮುಖವನ್ನೂ ಅವರು ಕಂಡರು. ಅಡುಗೆ ಕೆಲಸದ ಮೇರಿ ಮ್ಯಾಲನ್ ಎಂಬ ಮಹಿಳೆಗೆ ಕಾಯಿಲೆಯ ಲಕ್ಷಣವಿರಲಿಲ್ಲ, ಆದರೆ ಅವರಿಂದ ಇತರರಿಗೆ ಟೈಫಾಯ್ಡ್ ಹರಡುತ್ತಿತ್ತು. 1907ರಲ್ಲಿ ಪೊಲೀಸರೊಂದಿಗೆ ಹೋಗಿ ಅವರನ್ನು ಆಸ್ಪತ್ರೆಗೆ ಕರೆತಂದವರು ಬೇಕರ್. ಆಂಬ್ಯುಲೆನ್ಸ್‌ನಲ್ಲಿ ದಾರಿಯುದ್ದಕ್ಕೂ ಮೇರಿಯವರನ್ನು ಬಲವಂತವಾಗಿ ಹಿಡಿದಿಟ್ಟುಕೊಳ್ಳಬೇಕಾಯಿತು. ಮರುವರ್ಷ ತಾಯಂದಿರ ವಿಷಯದಲ್ಲಿ ಬೇಕರ್ ಹಿಡಿದ ದಾರಿ ಇದಕ್ಕೆ ಪೂರ್ತಿ ವಿರುದ್ಧವಾಗಿತ್ತು.

1908ರ ಬೇಸಿಗೆ

ಬೇಸಿಗೆ ರಜೆಯಲ್ಲಿ ಶಾಲಾ ನರ್ಸ್‌ಗಳಿಗೆ ಕೆಲಸ ಇರುವುದಿಲ್ಲ. ಅಂಥ ಸುಮಾರು 30 ನರ್ಸ್‌ಗಳನ್ನು ಬೇಕರ್ ಕೇಳಿ ಪಡೆದರು. ಶಿಶುಮರಣ ಹೆಚ್ಚಾಗಿದ್ದ ಒಂದು ಬಡ ಪ್ರದೇಶವನ್ನು ಆರಿಸಿಕೊಂಡರು. ನೋಂದಣಿ ಕಚೇರಿಯಿಂದ ಹಿಂದಿನ ದಿನ ದಾಖಲಾದ ಜನನಗಳ ಹೆಸರು, ವಿಳಾಸ ಅವರ ಕೈಗೆ ಬರುತ್ತಿತ್ತು. ಮರುದಿನವೇ ನರ್ಸ್ ಆ ಮನೆಯ ಬಾಗಿಲು ತಟ್ಟುತ್ತಿದ್ದರು.

ನರ್ಸ್ ಹೇಳುತ್ತಿದ್ದ ಮಾತುಗಳು ಸರಳ. ಮಗುವಿಗೆ ತಾಯಿಯ ಹಾಲನ್ನೇ ಕೊಡಿ. ಸೆಕೆಯಲ್ಲಿ ಬಟ್ಟೆ ಮೇಲೆ ಬಟ್ಟೆ ಸುತ್ತಬೇಡಿ. ಕಿಟಕಿ ತೆರೆದಿಡಿ. ದಿನವೂ ಸ್ನಾನ ಮಾಡಿಸಿ. ಬೇಸಿಗೆ ಮುಗಿದಾಗ ಲೆಕ್ಕ ನೋಡಿದರೆ, ಆ ಪ್ರದೇಶದಲ್ಲಿ ಹಿಂದಿನ ಬೇಸಿಗೆಗಿಂತ 1200 ಶಿಶುಗಳು ಕಡಿಮೆ ಸತ್ತಿದ್ದವು.

ಅದೇ ವರ್ಷ ನಗರಾಡಳಿತ ಮಕ್ಕಳ ಆರೋಗ್ಯಕ್ಕಾಗಿಯೇ ಪ್ರತ್ಯೇಕ ವಿಭಾಗ ತೆರೆದು ಬೇಕರ್ ಅವರನ್ನು ಮುಖ್ಯಸ್ಥೆ ಮಾಡಿತು. ಅವರ ಕೈಕೆಳಗೆ ನೇಮಕವಾದ ಆರು ಮಂದಿ ವೈದ್ಯರು, ಹೆಂಗಸಿನ ಅಧೀನದಲ್ಲಿ ದುಡಿಯಲಾರೆವೆಂದು ರಾಜೀನಾಮೆಗೆ ಮುಂದಾದರು. ಒಂದು ತಿಂಗಳು ಇದ್ದು ನೋಡಿ ಎಂದು ಬೇಕರ್ ಕೇಳಿಕೊಂಡರು. ತಿಂಗಳ ನಂತರ ಆರೂ ಜನ ಅಲ್ಲೇ ಉಳಿದರು. ಸೂಲಗಿತ್ತಿಯರಿಗೆ ತರಬೇತಿ ಮತ್ತು ಲೈಸೆನ್ಸ್, ಶುದ್ಧ ಹಾಲು ಸಿಗುವ ಕೇಂದ್ರಗಳು, ತಂಗಿ-ತಮ್ಮಂದಿರನ್ನು ನೋಡಿಕೊಳ್ಳುವ ಹುಡುಗಿಯರಿಗೆ ಶಿಶುಪಾಲನೆಯ ಪಾಠ, ಹೀಗೆ ಕೆಲಸ ಬೆಳೆಯಿತು.

ಜೇನುಮೇಣದ ಕ್ಯಾಪ್ಸೂಲ್

ಫಾರ್ಮಸಿ ಓದಿದ ನನಗೆ ಅವರ ಕೆಲಸಗಳಲ್ಲಿ ಹೆಚ್ಚು ಇಷ್ಟವಾದದ್ದು ಇದು. ತಾಯಿಗೆ ಗೊನೋರಿಯಾ ಸೋಂಕು ಇದ್ದರೆ ಹೆರಿಗೆಯ ವೇಳೆ ಮಗುವಿನ ಕಣ್ಣಿಗೆ ತಗುಲಿ ದೃಷ್ಟಿಯೇ ಹೋಗಬಹುದು. ಅದನ್ನು ತಡೆಯಲು ಹುಟ್ಟಿದ ಕೂಡಲೇ ಸಿಲ್ವರ್ ನೈಟ್ರೇಟ್ ಹನಿ ಹಾಕುವ ಕ್ರಮ 1880ರ ದಶಕದಿಂದಲೇ ಇತ್ತು. ಔಷಧಿ ಸರಿಯಾಗಿತ್ತು, ತೊಂದರೆ ಇದ್ದದ್ದು ಬಾಟಲಿಯಲ್ಲಿ. ಮತ್ತೆ ಮತ್ತೆ ಮುಚ್ಚಳ ತೆರೆದಾಗ ಅದು ಮಲಿನವಾಗುತ್ತಿತ್ತು. ನೀರು ಆವಿಯಾಗಿ ದ್ರಾವಣ ಗಾಢವಾದರೆ ಅದೇ ಹನಿ ಎಳೆ ಕಣ್ಣನ್ನು ಸುಡುತ್ತಿತ್ತು.

ಬೇಕರ್ ಜೇನುಮೇಣದ ಪುಟ್ಟ ಕ್ಯಾಪ್ಸೂಲ್‌ಗಳಲ್ಲಿ ಒಂದು ಸಲಕ್ಕೆ ಬೇಕಾದಷ್ಟೇ ಔಷಧಿ ತುಂಬಿಸಿದರು. ಒಮ್ಮೆ ಬಳಸಿ ಎಸೆಯುವುದು, ಅಷ್ಟೇ. ಅಳತೆ ತಪ್ಪುವಂತಿಲ್ಲ, ಕೊಳೆ ಸೇರುವಂತಿಲ್ಲ. ನಗರದಲ್ಲಿ ಈ ಕಾರಣಕ್ಕೆ ದೃಷ್ಟಿ ಕಳೆದುಕೊಳ್ಳುವ ಶಿಶುಗಳ ಸಂಖ್ಯೆ ಎರಡು ವರ್ಷಗಳಲ್ಲಿ 300ರಿಂದ 3ಕ್ಕೆ ಇಳಿಯಿತು ಎನ್ನಲಾಗುತ್ತದೆ. ಈಗ ಸಿಲ್ವರ್ ನೈಟ್ರೇಟ್ ಬದಲಿಗೆ ಬೇರೆ ಔಷಧಿಗಳು ಬಂದಿವೆ. ಆದರೆ ಒಂದು ಡೋಸ್, ಒಂದು ಪ್ಯಾಕ್ ಎಂಬ ವಿಚಾರ ಇಂದಿಗೂ ಔಷಧಿ ಅಂಗಡಿಯ ಕಪಾಟಿನಲ್ಲಿದೆ.

ವಿರೋಧ ಮತ್ತು ಕೊನೆಯ ವರ್ಷಗಳು

ಎಲ್ಲರಿಗೂ ಇದು ಇಷ್ಟವಾಗಲಿಲ್ಲ. ಮಕ್ಕಳು ಆರೋಗ್ಯವಾಗಿರುವುದರಿಂದ ತಮ್ಮ ವೃತ್ತಿಗೆ ನಷ್ಟವಾಗುತ್ತಿದೆ ಎಂದು ಬ್ರೂಕ್ಲಿನ್‌ನ ಕೆಲವು ವೈದ್ಯರು ಮೇಯರ್‌ಗೆ ಅರ್ಜಿ ಕೊಟ್ಟರು. ತನ್ನ ಕೆಲಸ ಫಲ ಕೊಡುತ್ತಿದೆ ಎನ್ನಲು ಇದಕ್ಕಿಂತ ಸಾಕ್ಷಿ ಬೇಡವೆಂದು ಬೇಕರ್ ಭಾವಿಸಿದರು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜು ಮಕ್ಕಳ ಆರೋಗ್ಯದ ಪಾಠ ಮಾಡಲು ಕರೆದಾಗ, ತನ್ನನ್ನು ಅಲ್ಲಿ ವಿದ್ಯಾರ್ಥಿನಿಯಾಗಿಯೂ ಸೇರಿಸಿಕೊಳ್ಳಬೇಕೆಂದು ಷರತ್ತು ಹಾಕಿದರು. ಅಲ್ಲಿ ಮಹಿಳೆಯರಿಗೆ ಪ್ರವೇಶ ಇರಲಿಲ್ಲ. ಮೊದಲು ನಿರಾಕರಿಸಿದ ಕಾಲೇಜು ಕೊನೆಗೆ ಒಪ್ಪಿತು. 1917ರಲ್ಲಿ ಅವರು ಸಾರ್ವಜನಿಕ ಆರೋಗ್ಯದಲ್ಲಿ ಡಾಕ್ಟರೇಟ್ ಪಡೆದರು.

1908ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಪ್ರತಿ 1000 ಶಿಶುಗಳಲ್ಲಿ 144 ಶಿಶುಗಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ಬೇಕರ್ ನಿವೃತ್ತರಾದ 1923ರಲ್ಲಿ ಅದು 66ಕ್ಕೆ ಇಳಿದಿತ್ತು. 1939ರಲ್ಲಿ ತಮ್ಮ ಆತ್ಮಕಥೆ ಪ್ರಕಟಿಸಿದರು. 1945ರ ಫೆಬ್ರವರಿ 22ರಂದು, 71ನೇ ವಯಸ್ಸಿನಲ್ಲಿ ತೀರಿಕೊಂಡರು.

ನಿಮ್ಮ ಮನೆಯಲ್ಲಿ ಎಳೆ ಮಗು ಇದ್ದರೆ

ಬೇಕರ್ ಅವರ ನರ್ಸ್‌ಗಳು ಮಾಡುತ್ತಿದ್ದ ಕೆಲಸವನ್ನು ನಮ್ಮಲ್ಲಿ ಈಗ ಆಶಾ ಕಾರ್ಯಕರ್ತೆಯರು ಮಾಡುತ್ತಾರೆ. ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ಮಗುವನ್ನು ನೋಡುವುದು ಆ ಕಾರ್ಯಕ್ರಮದ ಕ್ರಮ. ಬಾಡಿಗೆ ಮನೆ ಬದಲಿಸಿದ್ದರೆ, ಬೇರೆ ಊರಿನಿಂದ ಬಂದಿದ್ದರೆ ನಿಮ್ಮ ಹೆಸರು ಪಟ್ಟಿಯಿಂದ ಬಿಟ್ಟುಹೋಗಬಹುದು. ಹತ್ತಿರದ ನಗರ ಆರೋಗ್ಯ ಕೇಂದ್ರಕ್ಕೆ ಹೋಗಿ ಈಗಿನ ವಿಳಾಸ ಕೊಡಿ. ಅಲ್ಲಿನ ಭಾಷೆ ಬಾರದಿದ್ದರೂ ಸಂಕೋಚ ಬೇಡ, ತಾಯಿ ಕಾರ್ಡ್ ತೋರಿಸಿದರೆ ಸಾಕಷ್ಟು ವಿಷಯ ಅವರಿಗೆ ತಿಳಿಯುತ್ತದೆ. ಜನನ ನೋಂದಣಿಯನ್ನು 21 ದಿನಗಳ ಒಳಗೆ ಮಾಡಿಸಿ.

ಹುಟ್ಟಿದ ಮೊದಲ ತಿಂಗಳಲ್ಲಿ ಮಗುವಿನ ಕಣ್ಣು ಕೆಂಪಾದರೆ, ಊದಿಕೊಂಡರೆ ಅಥವಾ ಕೀವು ಬಂದರೆ ಅದೇ ದಿನ ವೈದ್ಯರಿಗೆ ತೋರಿಸಿ. ಕಾಡಿಗೆ, ಹರಳೆಣ್ಣೆ, ಎದೆಹಾಲು ಯಾವುದನ್ನೂ ಕಣ್ಣಿಗೆ ಹಾಕಬೇಡಿ. ದೊಡ್ಡವರಿಗೆ ತಂದು ಉಳಿದಿರುವ ಹನಿ ಔಷಧಿಯನ್ನೂ ಹಾಕಬೇಡಿ. ಕಣ್ಣಿನ ಹನಿಯ ಬಾಟಲಿ ತೆರೆದ ದಿನಾಂಕವನ್ನು ಅದರ ಮೇಲೆಯೇ ಬರೆದಿಡಿ. ತೆರೆದ ಮೇಲೆ ಎಷ್ಟು ದಿನ ಬಳಸಬಹುದು ಎಂಬುದು ಲೇಬಲ್‌ನಲ್ಲಿರುತ್ತದೆ, ಸಾಮಾನ್ಯವಾಗಿ ನಾಲ್ಕು ವಾರ. ಆಮೇಲೆ ಔಷಧಿ ಉಳಿದಿದ್ದರೂ ಎಸೆಯಿರಿ.