ಬಟಾಣಿ ಎಣಿಸಿದ ಮೇಷ್ಟ್ರು ಮೆಂಡೆಲ್



ಈ ಸಲದ ಗೋಡೆ ಪತ್ರಿಕೆಗೆ ನಾನು ಗ್ರೆಗರ್ ಮೆಂಡೆಲ್ ಅವರ ಜೀವನ ಚರಿತ್ರೆ ಬರೆಯುತ್ತಿದ್ದೇನೆ. ಒಂದು ಕರುವಿಗೆ ತಾಯಿಯ ಬಣ್ಣ ಬರದೆ ಅಜ್ಜಿಯ ಬಣ್ಣ ಯಾಕೆ ಬರುತ್ತೆ? ಕೆಂಪು ಹೂವಿನ ಗಿಡದ ಬೀಜ ಹಾಕಿದರೆ ಒಮ್ಮೊಮ್ಮೆ ಬಿಳಿ ಹೂವು ಯಾಕೆ ಬಿಡುತ್ತೆ? ಇಂಥ ಪ್ರಶ್ನೆಗಳಿಗೆ ಲೆಕ್ಕ ಹಾಕಿ ಉತ್ತರ ಹುಡುಕಿದವರು ಮೆಂಡೆಲ್. ಅವರು ಮೇಷ್ಟ್ರ ಪರೀಕ್ಷೆಯಲ್ಲಿ ಪಾಸಾಗದ ಮೇಷ್ಟ್ರು ಎಂಬುದನ್ನು ಓದಿ ನನಗೆ ಬಹಳ ಆಶ್ಚರ್ಯವಾಯಿತು.

ಮೆಂಡೆಲ್ 1822ರ ಜುಲೈ ತಿಂಗಳಲ್ಲಿ ಹೈನ್‌ಜೆನ್‌ಡಾರ್ಫ್ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಆಗ ಅದು ಆಸ್ಟ್ರಿಯಾ ಸಾಮ್ರಾಜ್ಯದಲ್ಲಿತ್ತು. ಈಗ ಚೆಕ್ ದೇಶದಲ್ಲಿದೆ. ತಂದೆ ಆಂಟನ್ ರೈತರು. ವಾರದಲ್ಲಿ ಮೂರು ದಿನ ಜಮೀನ್ದಾರನ ಹೊಲದಲ್ಲಿ ಬಿಟ್ಟಿ ದುಡಿಯಬೇಕಿತ್ತು. ಉಳಿದ ದಿನ ಮಾತ್ರ ಸ್ವಂತ ಹೊಲ. ಅವರಿಗೆ ಹಣ್ಣಿನ ಗಿಡಗಳಿಗೆ ಕಸಿ ಕಟ್ಟುವುದೆಂದರೆ ಬಲು ಇಷ್ಟ. ಮಗನೂ ಜೊತೆಗೆ ನಿಂತು ಕಲಿತ.

1838ರಲ್ಲಿ ಮರದ ದಿಮ್ಮಿ ಬಿದ್ದು ತಂದೆಯ ಎದೆಗೆ ಪೆಟ್ಟಾಯಿತು. ಆಮೇಲೆ ಮೊದಲಿನ ಹಾಗೆ ದುಡಿಯಲು ಆಗಲಿಲ್ಲ. ಓದುತ್ತಿದ್ದ ಮಗನಿಗೆ ದುಡ್ಡು ಕಳಿಸುವುದು ಕಷ್ಟವಾಯಿತು. ಆತ ಬೇರೆ ಮಕ್ಕಳಿಗೆ ಪಾಠ ಹೇಳಿಕೊಟ್ಟು ಓದಿದ. ಅದೂ ಸಾಲದೆ ಹೋದಾಗ ತಂಗಿ ತೆರೇಸಿಯಾ ತನ್ನ ಮದುವೆಗೆ ಅಂತ ಇದ್ದ ಹಣದಲ್ಲಿ ಒಂದು ಭಾಗವನ್ನು ಅಣ್ಣನ ಓದಿಗೆ ಕೊಟ್ಟಳು. ಇದನ್ನು ಮೆಂಡೆಲ್ ಮರೆಯಲಿಲ್ಲ. ಎಷ್ಟೋ ವರ್ಷಗಳ ನಂತರ ಅವಳ ಗಂಡುಮಕ್ಕಳ ಓದಿಗೆ ತಾವೇ ಸಹಾಯ ಮಾಡಿದರು. ಅವರಲ್ಲಿ ಇಬ್ಬರು ಡಾಕ್ಟರಾದರು.

1843ರಲ್ಲಿ ಮೆಂಡೆಲ್ ಬರ್ನೋ ಎಂಬ ಪಟ್ಟಣದ ಕ್ರೈಸ್ತ ಮಠಕ್ಕೆ ಸೇರಿದರು. ಯೋಹಾನ್ ಎಂಬ ಹೆಸರಿನ ಜೊತೆಗೆ ಗ್ರೆಗರ್ ಎಂಬ ಹೆಸರು ಬಂತು. ಮಠದಲ್ಲಿ ಊಟದ ಚಿಂತೆ ಇರಲಿಲ್ಲ, ಓದಲು ಪುಸ್ತಕಗಳಿದ್ದವು. ಪಾದ್ರಿಯಾಗಿ ರೋಗಿಗಳನ್ನು ನೋಡಲು ಹೋದರೆ ಅವರ ನೋವು ನೋಡಿ ಇವರೇ ಕಾಯಿಲೆ ಬೀಳುತ್ತಿದ್ದರು. ಅದಕ್ಕೆ ಮಠದವರು ಅವರನ್ನು ಪಾಠ ಹೇಳಲು ಕಳಿಸಿದರು. 1850ರಲ್ಲಿ ಮೇಷ್ಟ್ರ ಪರೀಕ್ಷೆ ಬರೆದರು, ಪಾಸಾಗಲಿಲ್ಲ. ವಿಯೆನ್ನಾ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಓದಿ ಬಂದು 1856ರಲ್ಲಿ ಮತ್ತೆ ಪ್ರಯತ್ನ ಮಾಡಿದರು. ಆಗಲೂ ಆಗಲಿಲ್ಲ. 1854ರಿಂದ 1868ರವರೆಗೆ ಬದಲಿ ಮೇಷ್ಟ್ರಾಗಿಯೇ ಇದ್ದರು.

ಆದರೆ ಅದೇ 1856ರಲ್ಲಿ ಅವರ ದೊಡ್ಡ ಕೆಲಸ ಶುರುವಾಯಿತು. ಮಠದ ಹಿರಿಯರಾದ ನಾಪ್ ಅವರು ಮಠದಲ್ಲಿ ಒಂದು ಗಾಜಿನ ಮನೆ ಕಟ್ಟಿಸಿದ್ದರು. ಲಾಲ್‌ಬಾಗಿನ ಗಾಜಿನ ಮನೆಯಷ್ಟು ದೊಡ್ಡದಲ್ಲ. ಅದರ ಪಕ್ಕದಲ್ಲಿ ಸುಮಾರು 35 ಮೀಟರ್ ಉದ್ದ, 7 ಮೀಟರ್ ಅಗಲದ ತೋಟ. ಮೆಂಡೆಲ್ 34 ಬಗೆಯ ಬಟಾಣಿ ತರಿಸಿ ಎರಡು ವರ್ಷ ಬೆಳೆದು ನೋಡಿದರು. ಬೀಜ ಹಾಕಿದರೆ ತಾಯಿಗಿಡದ ಹಾಗೇ ಬರುವ 22 ಬಗೆಗಳನ್ನು ಆರಿಸಿಕೊಂಡರು.

ಕೆಲಸ ಹೇಗೆ ಗೊತ್ತಾ? ಬಟಾಣಿ ಹೂವು ತನ್ನ ಪರಾಗವನ್ನು ತಾನೇ ತೆಗೆದುಕೊಳ್ಳುತ್ತದೆ. ಅದಕ್ಕೆ ಹೂವು ಅರಳುವ ಮೊದಲೇ ಮೊಗ್ಗು ಬಿಡಿಸಿ, ಚಿಮಟದಿಂದ ಕೇಸರಗಳನ್ನು ಕಿತ್ತು ಹಾಕುತ್ತಿದ್ದರು. ಬೇರೆ ಬಗೆಯ ಗಿಡದ ಪರಾಗ ತಂದು ಸವರಿ, ಹೂವಿಗೆ ಚಿಕ್ಕ ಚೀಲ ಕಟ್ಟುತ್ತಿದ್ದರು. ಹೊರಗಿನ ತೋಟದಲ್ಲಿ ಹುಳುಗಳು ಪರಾಗ ತಂದು ಲೆಕ್ಕ ಕೆಡಿಸಿದರೆ? ಅದಕ್ಕೂ ಉಪಾಯ ಮಾಡಿದ್ದರು. ಕೆಲವು ಗಿಡಗಳನ್ನು ಕುಂಡದಲ್ಲಿ ಬೆಳೆಸಿ, ಹೂ ಬಿಡುವ ಕಾಲಕ್ಕೆ ಗಾಜಿನ ಮನೆಯೊಳಗೆ ಇಟ್ಟು, ಎರಡನ್ನೂ ಹೋಲಿಸಿ ನೋಡಿದರು.

ಹಳದಿ ಬೀಜದ ಗಿಡವನ್ನೂ ಹಸಿರು ಬೀಜದ ಗಿಡವನ್ನೂ ಕೂಡಿಸಿದಾಗ ಬಂದ ಬೀಜವೆಲ್ಲ ಹಳದಿ. ಹಸಿರು ಎಲ್ಲಿ ಹೋಯಿತು? ಆಗಿನ ಕಾಲದಲ್ಲಿ ತುಂಬಾ ಜನ ತಂದೆ ತಾಯಿಯ ಗುಣಗಳು ಹಾಲಿಗೆ ನೀರು ಬೆರೆತ ಹಾಗೆ ಬೆರೆತು ಹೋಗುತ್ತವೆ ಅಂತ ತಿಳಿದಿದ್ದರು. ಬೆರೆತ ಮೇಲೆ ಬೇರೆ ಮಾಡಲು ಆಗಬಾರದಲ್ಲ? ಆದರೆ ಮೆಂಡೆಲ್ ಆ ಹಳದಿ ಬೀಜಗಳನ್ನೇ ಬಿತ್ತಿದರು. ಮುಂದಿನ ಬೆಳೆಯಲ್ಲಿ 6022 ಹಳದಿ, 2001 ಹಸಿರು ಬೀಜ ಸಿಕ್ಕವು. ಹಸಿರು ಕಳೆದುಹೋಗಿರಲಿಲ್ಲ, ಒಳಗೆ ಅಡಗಿತ್ತು ಅಷ್ಟೆ! ದುಂಡು ಬೀಜ, ಸುಕ್ಕು ಬೀಜ ಎಣಿಸಿದಾಗ 5474 ಮತ್ತು 1850. ಎರಡೂ ಕಡೆ ಹೆಚ್ಚು ಕಡಿಮೆ ಮೂರಕ್ಕೆ ಒಂದು. ಹೀಗೆ ಏಳು ಗುಣಗಳನ್ನು ನೋಡಿದರು. 1863ರವರೆಗೆ ಸುಮಾರು 28,000 ಗಿಡಗಳನ್ನು ಬೆಳೆಸಿದರು.

ಮೂರಕ್ಕೆ ಒಂದು ಯಾಕೆ ಅಂತ ನಾನು ಎರಡು ನಾಣ್ಯ ಎಸೆದು ತಿಳಿದುಕೊಂಡೆ. ನೀವೂ ಮಾಡಿ. ಸಿಂಹದ ಮುಖ ಹಳದಿ, ಅಂಕಿಯ ಮುಖ ಹಸಿರು ಅಂತ ಇಟ್ಟುಕೊಳ್ಳಿ. ಒಂದು ನಾಣ್ಯ ತಾಯಿ ಕೊಟ್ಟದ್ದು, ಇನ್ನೊಂದು ತಂದೆ ಕೊಟ್ಟದ್ದು. ಒಂದು ಸಿಂಹ ಬಿದ್ದರೂ ಬೀಜ ಹಳದಿ, ಯಾಕೆಂದರೆ ಹಳದಿ ಪ್ರಬಲ ಗುಣ. ಎರಡೂ ಅಂಕಿ ಬಿದ್ದರೆ ಮಾತ್ರ ಹಸಿರು. ತುಂಬಾ ಸಲ ಎಸೆದರೆ ನಾಲ್ಕರಲ್ಲಿ ಸುಮಾರು ಒಂದು ಸಲ ಹಾಗೆ ಬೀಳುತ್ತದೆ. ನಾಲ್ಕೈದು ಸಲ ಎಸೆದು ಬಿಟ್ಟರೆ ಗೊತ್ತಾಗುವುದಿಲ್ಲ. ಮೆಂಡೆಲ್ ಸಾವಿರಗಟ್ಟಲೆ ಎಣಿಸಿದ್ದು ಅದಕ್ಕೇ.

1865ರಲ್ಲಿ ಬರ್ನೋದ ವಿಜ್ಞಾನ ಸಂಘದಲ್ಲಿ ಎರಡು ದಿನ ಇದನ್ನು ವಿವರಿಸಿದರು. 1866ರಲ್ಲಿ ಅಚ್ಚಾಯಿತು. 40 ಪ್ರತಿ ಬೇರೆ ತರಿಸಿಕೊಂಡರು, ದೊಡ್ಡ ವಿಜ್ಞಾನಿಗಳಿಗೂ ಕಳಿಸಿದರು. ಅದರ ಬೆಲೆ ಯಾರಿಗೂ ಸರಿಯಾಗಿ ತಿಳಿಯಲಿಲ್ಲ. ಆಮೇಲೆ ಸಂಜೆಮಲ್ಲಿಗೆ, ಮೆಕ್ಕೆಜೋಳದಲ್ಲೂ ಪ್ರಯೋಗ ಮಾಡಿದರು, ಲೆಕ್ಕ ಸರಿ ಬಂತು. ಆದರೆ ಹಾಕ್‌ವೀಡ್ ಎಂಬ ಹಳದಿ ಹೂವಿನ ಗಿಡದಲ್ಲಿ ವರ್ಷಗಟ್ಟಲೆ ದುಡಿದರೂ ಲೆಕ್ಕ ಬರಲಿಲ್ಲ. ಆ ಗಿಡ ಎಷ್ಟೋ ಸಲ ಪರಾಗ ಇಲ್ಲದೆಯೇ ಬೀಜ ಕಟ್ಟುತ್ತದೆ. ಪಾಪ, ಅದು ಆಗ ಗೊತ್ತಿರಲಿಲ್ಲ.

1868ರಲ್ಲಿ ಅವರೇ ಮಠಾಧಿಪತಿಯಾದರು. ಮಠದ ಕೆಲಸ ಹೆಚ್ಚಾಯಿತು. ಮಠದ ಮೇಲಿನ ತೆರಿಗೆಗಾಗಿ ಸರ್ಕಾರದ ಜೊತೆ ಜಗಳ ಬೇರೆ. 1884ರ ಜನವರಿ 6ರಂದು ತೀರಿಕೊಂಡರು. 1900ರಲ್ಲಿ ಬೇರೆ ಬೇರೆ ದೇಶದ ವಿಜ್ಞಾನಿಗಳು ಇಂಥದೇ ಪ್ರಯೋಗ ಮಾಡಿ, ಹಳೆಯ ಪುಸ್ತಕ ತೆಗೆದು ನೋಡಿದರೆ ಮೆಂಡೆಲ್ 34 ವರ್ಷ ಮೊದಲೇ ಬರೆದಿಟ್ಟಿದ್ದರು! ಆಗ ಅವರು ಸತ್ತು 16 ವರ್ಷವಾಗಿತ್ತು.

ಇದರಿಂದ ರೈತರಿಗೆ ಏನು ಬಂತು ಅಂತ ಕೇಳಬಹುದು. ಈಗ ಪಾಲಿಹೌಸಿನಲ್ಲಿ ಬೆಳೆಯುವ ದೊಣ್ಣೆ ಮೆಣಸಿನಕಾಯಿ, ಟೊಮೇಟೊ ಹೆಚ್ಚಾಗಿ ಹೈಬ್ರಿಡ್. ಅಂದರೆ ಎರಡು ತಳಿ ಕೂಡಿಸಿದ ಮೊದಲ ಪೀಳಿಗೆ. ಅದಕ್ಕೇ ಗಿಡಗಳೆಲ್ಲ ಒಂದೇ ಸಮ. ಅದರ ಹಣ್ಣಿನ ಬೀಜ ಎತ್ತಿಟ್ಟು ಬಿತ್ತಿದರೆ ಅಡಗಿದ್ದ ಗುಣಗಳೆಲ್ಲ ಹೊರಗೆ ಬಂದು ಒಂದೊಂದು ಗಿಡ ಒಂದೊಂದು ಥರ ಆಗುತ್ತದೆ. ಬೀಜ ಕೆಟ್ಟಿತು ಅಂತ ಅಲ್ಲ, ಅದು ಮೆಂಡೆಲ್ ಎಣಿಸಿದ ಲೆಕ್ಕ. ಜರ್ಬೆರಾ, ಗುಲಾಬಿ ಹೂವನ್ನು ಮಾರಾಟಕ್ಕೆ ಬೆಳೆಯುವವರು ಬೀಜ ಹಾಕದೆ ಅಂಗಾಂಶ ಕೃಷಿಯ ಸಸಿ, ಕಸಿ ಗಿಡ ನೆಡುವುದೂ ಅದಕ್ಕೇ. ರೋಗ ತಡೆಯುವ ಗುಣವೋ ಒಳ್ಳೆಯ ರುಚಿಯೋ ಮೊದಲ ಪೀಳಿಗೆಯಲ್ಲಿ ಕಾಣದಿದ್ದರೂ ತಳಿ ಮಾಡುವವರು ಬಿಸಾಡುವುದಿಲ್ಲ. ಮುಂದಿನ ಪೀಳಿಗೆ ಬೆಳೆದು ಅದರಲ್ಲಿ ಹುಡುಕುತ್ತಾರೆ.

ಮೆಂಡೆಲ್ ಹತ್ತಿರ ಇದ್ದದ್ದು ಒಂದು ತೋಟ, ಒಂದು ಚಿಮಟ, ತಾಳ್ಮೆ. ಅವರು ಬಳಸಿದ ಸಂಜೆಮಲ್ಲಿಗೆ ನಮ್ಮೂರಲ್ಲೂ ಇದೆ. ಗೆಳೆಯರೇ, ಒಂದೇ ಗಿಡದ ಬೀಜ ಆರಿಸಿ ಮಳೆಗಾಲದಲ್ಲಿ ಹಾಕೋಣ. ಯಾವ ಬಣ್ಣ ಎಷ್ಟು ಬಂತು ಅಂತ ಎಣಿಸಿ ಇದೇ ಗೋಡೆ ಪತ್ರಿಕೆಯಲ್ಲಿ ಬರೆಯೋಣ.