ಕೇರಿಯವರನ್ನೇ ನಂಬಿದ ಬಿಷಪ್ ಅಜರಯ್ಯ



ನಮ್ಮ ಹಿಂದೂಪುರ, ಕಲ್ಯಾಣದುರ್ಗದ ಕಡೆಯ ಕೇರಿಗಳಲ್ಲಿ ಚರ್ಚ್‌ಗೆ ಹೋಗೋ ಮನೆಗಳೂ ಇವೆ, ಗುಡಿಗೆ ಹೋಗೋ ಮನೆಗಳೂ ಇವೆ, ಬಾಬಾಸಾಹೇಬರ ಫೋಟೋ ಒಂದೇ ಸಾಕು ಅನ್ನೋ ಮನೆಗಳೂ ಇವೆ. ನೀವು ಯಾವ ಮನೆಯವರೇ ಆಗಿರಿ, ಬಿಷಪ್ ವಿ. ಎಸ್. ಅಜರಯ್ಯನವರ ಬಗ್ಗೆ ತಿಳಿದಿರಬೇಕು. ಸಾವಿರಾರು ಬಡವರನ್ನು ಒಂದು ಸಭೆಗೆ ಸೇರಿಸಿದವರು ಅವರು.

ಅವರು ಹುಟ್ಟಿದ್ದು 1874ರಲ್ಲಿ, ತಮಿಳುನಾಡಿನ ತಿರುನೆಲ್ವೇಲಿ ಸೀಮೆಯ ಒಂದು ಹಳ್ಳಿಯಲ್ಲಿ. ಅವರ ನಾಡಾರ್ ಜನವೂ ಮೇಲ್ಜಾತಿಯವರ ತಾತ್ಸಾರ ಉಂಡವರೇ. 1909ರಲ್ಲಿ ನಿಜಾಮರ ರಾಜ್ಯದ ದೋರ್ನಕಲ್‌ಗೆ ಬಂದರು. ಭಾಷೆ ಬೇರೆ, ಊರು ಬೇರೆ. ತೆಲುಗು ಕಲಿತು, ಎತ್ತಿನ ಗಾಡಿಯಲ್ಲಿ ಹಳ್ಳಿಹಳ್ಳಿ ತಿರುಗಿದರು. 1912ರಲ್ಲಿ ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ಆದರು.

ಸಭೆ ಬೆಳೆದದ್ದು ಹೇಗೆ ಅಂತ ನೀವು ಕೇಳಬಹುದು. ದೊರೆಗಳು ಬಂದು ಭಾಷಣ ಮಾಡಿದ್ದರಿಂದ ಅಲ್ಲ. ಹೊಸದಾಗಿ ಸೇರಿದ ಪ್ರತಿಯೊಬ್ಬ ಕೂಲಿಯವನೂ ತನ್ನ ನೆಂಟರಿಗೆ ತಾನೇ ಹೇಳಬೇಕು ಅಂತ ಅಜರಯ್ಯ ಕಲಿಸಿದರು. ಮಾಲ, ಮಾದಿಗ ಕೇರಿಗಳಿಂದಲೇ ಉಪದೇಶಿಗಳನ್ನು, ಪಾದ್ರಿಗಳನ್ನು ತಯಾರು ಮಾಡಿದರು. ಹೆಣ್ಣುಮಕ್ಕಳು ಅನ್ನಕ್ಕಿಡುವಾಗ ಒಂದು ಹಿಡಿ ಅಕ್ಕಿ ಸಭೆಗೆ ತೆಗೆದಿಡುತ್ತಿದ್ದರು. ಬಡವನೂ ಕೊಡುವವನೇ, ಬರೀ ಬೇಡುವವನಲ್ಲ ಅನ್ನೋದು ಇದರ ಅರ್ಥ. ಕೊಳೆ, ಕಾಯಿಲೆ, ಸಾಲ, ಹೆಂಡ, ಈ ನಾಲ್ಕು ದೆವ್ವ ಓಡಿಸಿ ಅಂತ ಹೋದಲ್ಲೆಲ್ಲ ಹೇಳಿದರು.

ಕಷ್ಟಗಳೂ ಕಡಿಮೆ ಇರಲಿಲ್ಲ. ಮತಾಂತರದ ವಿಷಯದಲ್ಲಿ ಗಾಂಧೀಜಿ ಅವರನ್ನು ಒಪ್ಪಲಿಲ್ಲ. ಬಡವರಿಗೆ ಧರ್ಮ ಆರಿಸಿಕೊಳ್ಳೋ ತಿಳಿವಳಿಕೆ ಇಲ್ಲ ಅನ್ನೋ ಮಾತನ್ನು ಅಜರಯ್ಯ ಒಪ್ಪಲಿಲ್ಲ. ಅದಕ್ಕಿಂತ ದೊಡ್ಡ ಕಷ್ಟ ಒಳಗೇ ಇತ್ತು. ಸಭೆಗೆ ಸೇರಿದ ಮೇಲೂ ಮಾಲರು, ಮಾದಿಗರು ಬೇರೆ ಬೇರೆಯಾಗೇ ಉಳಿದ ಊರುಗಳಿದ್ದವು. 1935ರಲ್ಲಿ ಯೇವಲಾದಲ್ಲಿ ಹಿಂದೂವಾಗಿ ಸಾಯೋದಿಲ್ಲ ಅಂತ ಘೋಷಿಸಿದ ಅಂಬೇಡ್ಕರರು ಕ್ರೈಸ್ತರಲ್ಲೂ ಜಾತಿ ಉಳಿದಿದೆ ಅಂತ ಕಟುವಾಗಿ ಬರೆದರು. ಕೊನೆಗೆ 1956ರಲ್ಲಿ ಬುದ್ಧನ ದಾರಿ ಹಿಡಿದರು.

ಹರಿದು ಹಂಚಿಹೋದ ಸಭೆಗಳು ಒಂದಾಗಬೇಕು ಅಂತ 1919ರಿಂದ ಅಜರಯ್ಯ ದುಡಿದರು. ಅದನ್ನು ಕಣ್ಣಾರೆ ಕಾಣದೆ 1945ರ ಜನವರಿ 1ರಂದು ತೀರಿಕೊಂಡರು. 1947ರಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿತು. ನಮ್ಮ ಅನಂತಪುರ ಸೀಮೆಯ ಎಷ್ಟೋ ಚರ್ಚ್‌ಗಳು ಇವತ್ತು ಅದರಲ್ಲೇ ಇವೆ.

ನಮ್ಮ ಸಂಘಕ್ಕೂ ಸದಸ್ಯರು ಹೆಚ್ಚಬೇಕು, ನಿಜ. ಆದರೆ ರಸೀದಿ ಹರಿದು ಹೆಸರು ಬರೆದುಕೊಂಡರೆ ಆಯ್ತಾ? ಸೇರಿದವನಿಗೆ ಒಂದು ಕೆಲಸ ಕೊಡಿ, ಮಾತಾಡೋಕೆ ಬಿಡಿ. ಮೊದಲು ಪಕ್ಕದ ಕೇರಿಯವರನ್ನು ಕರೆಯಿರಿ. ವಾರ್ಷಿಕೋತ್ಸವದ ಊಟಕ್ಕೆ ಎರಡೂ ಕೇರಿ ಒಂದೇ ಸಾಲಲ್ಲಿ ಕೂತರೆ, ಅಜರಯ್ಯನವರು ಮುಗಿಸಲಾಗದ ಕೆಲಸವನ್ನು ನಾವು ಒಂದು ಹೆಜ್ಜೆ ಮುಂದಕ್ಕೆ ಒಯ್ದಂತೆ.