ಮಣ್ಣಲ್ಲಿ ಮೂಡಿ ಮಣ್ಣಿಗೇ ಸೇರಿದ ಕಲೆ: ಅನಾ ಮೆಂಡಿಯೆಟಾ

ಕ್ಯೂಬಾದ ರಾಜಧಾನಿ ಹವಾನಾದಲ್ಲಿ 1948ರ ನವೆಂಬರ್ 18ರಂದು ಜನಿಸಿದ ಅನಾ ಮೆಂಡಿಯೆಟಾ ಹನ್ನೆರಡನೆಯ ವಯಸ್ಸಿಗೇ ತಾಯ್ನೆಲವನ್ನು ಕಳೆದುಕೊಂಡವಳು. ಕ್ರಾಂತಿಯ ಬಳಿಕ ಸುಮಾರು 14 ಸಾವಿರ ಮಕ್ಕಳನ್ನು ಹೆತ್ತವರಿಲ್ಲದೆ ಅಮೆರಿಕಕ್ಕೆ ಸಾಗಿಸಿದ 'ಪೀಟರ್ ಪ್ಯಾನ್' ಕಾರ್ಯಾಚರಣೆಯಲ್ಲಿ, 1961ರಲ್ಲಿ, ಅಕ್ಕ ರಾಕೆಲಿನ್ ಜೊತೆ ಆಕೆಯೂ ವಿಮಾನ ಏರಿದಳು. ಅಯೋವಾ ರಾಜ್ಯದ ಅನಾಥಾಲಯಗಳಲ್ಲಿ, ಪರರ ಮನೆಗಳಲ್ಲಿ ಬಾಲ್ಯ ಸವೆಯಿತು. ತಾಯಿಯ ಮುಖ ಮತ್ತೆ ಕಂಡದ್ದು 1966ರಲ್ಲಿ. ಕ್ಯೂಬಾದಲ್ಲಿ ಸೆರೆವಾಸ ಅನುಭವಿಸಿದ ತಂದೆ ಬಂದು ಸೇರುವಾಗ 1979 ಆಗಿತ್ತು.

ಅಯೋವಾ ವಿಶ್ವವಿದ್ಯಾಲಯದಲ್ಲಿ ಚಿತ್ರಕಲೆ ಕಲಿಯುತ್ತಿದ್ದ ಅನಾಗೆ ಕುಂಚ, ಬಣ್ಣಗಳು ಬಹುಬೇಗ ಸಾಲದೆನಿಸಿದವು. ಆಕೆ ತನ್ನ ದೇಹವನ್ನೇ ಮಾಧ್ಯಮವಾಗಿಸಿಕೊಂಡಳು. 1973ರಲ್ಲಿ ಮೆಕ್ಸಿಕೋದ ಓಹಾಕಾ ಪ್ರಾಂತ್ಯದ ಯಾಗುಲ್ ಎಂಬಲ್ಲಿ, ಪ್ರಾಚೀನ ಸಪೊಟೆಕ್ ಜನರ ತೆರೆದ ಗೋರಿಯೊಳಗೆ ಮಲಗಿದಳು. ಮೈಮುಖಗಳನ್ನು ಮರೆಮಾಡಿದ ಬಿಳಿ ಹೂಗಳು ಆ ದೇಹದಿಂದಲೇ ಚಿಗುರಿ ಬಂದಂತೆ ತೋರುತ್ತಿದ್ದವು. ಮೃತ್ಯುವಿನ ಮನೆಯಲ್ಲಿ ವಸಂತ! ಮಲಗಿದವಳು ತನ್ನ ಚಿತ್ರವನ್ನು ತಾನೇ ತೆಗೆಯಲಾರಳಷ್ಟೆ. ಆಕೆಯ ಸೂಚನೆಯಂತೆ ಕ್ಯಾಮೆರಾ ಹಿಡಿದವರು ಗುರು, ಸಂಗಾತಿ ಹಾನ್ಸ್ ಬ್ರೆಡರ್. ಆ ಇನ್ನೊಂದು ಕೈ ಇಲ್ಲದಿದ್ದರೆ ಇಂದು ಜಗತ್ತು ಬಲ್ಲ ಆ ಚಿತ್ರವೂ ಇರುತ್ತಿರಲಿಲ್ಲ ಎಂಬುದನ್ನು ಕಲಾಚರಿತ್ರೆ ಕೆಲವೊಮ್ಮೆ ಮರೆಯುತ್ತದೆ.

ಇಲ್ಲಿಂದ ಆರಂಭವಾದ 'ಸಿಲುಯೆಟಾ' ಸರಣಿ 1980ರವರೆಗೆ ಬೆಳೆದು ಇನ್ನೂರಕ್ಕೂ ಹೆಚ್ಚು ಕೃತಿಗಳಾದವು. 1976ರಲ್ಲಿ ಅಯೋವಾದ ತೊರೆಯೊಂದರ ದಂಡೆಯಲ್ಲಿ ಮೈತುಂಬ ಕೆಸರು, ಹುಲ್ಲು ಮೆತ್ತಿಕೊಂಡು ಹೆಮ್ಮರದ ಕಾಂಡಕ್ಕೆ ಒರಗಿ ನಿಂತಳು. ತೊಗಟೆ ಯಾವುದು, ಹೆಣ್ಣು ಯಾವುದು ತಿಳಿಯದಂತೆ. ಕ್ರಮೇಣ ದೇಹ ಚಿತ್ರದಿಂದ ಹಿಂದೆ ಸರಿದು ಅದರ ಆಕೃತಿ ಮಾತ್ರ ಉಳಿಯಿತು. ಆಗ ಕ್ಯಾಮೆರಾ ಆಕೆಯ ಕೈಗೇ ಬಂತು. ಮಣ್ಣಿನಲ್ಲಿ ತೋಡಿದ ಆಕೃತಿ, ಮಂಜಿನಲ್ಲಿ ಒತ್ತಿದ ಆಕೃತಿ, ಮದ್ದಿನ ಪುಡಿ ಸುರಿದು ಬೆಂಕಿ ಇಟ್ಟ ಆಕೃತಿ. ಮೆಕ್ಸಿಕೋದ ಕಡಲತೀರದಲ್ಲಿ ಕೆಂಪುಬಣ್ಣ ತುಂಬಿದ ಒಂದು ಆಕೃತಿಯನ್ನು ತೆರೆಗಳು ಬಂದು ಬಂದು ಅಳಿಸಿದವು. ಅಳಿಯುವುದನ್ನೂ ಆಕೆ ಚಿತ್ರವಾಗಿ ಹಿಡಿದಳು. ಭೂಮಿಯನ್ನು ಬುಲ್ಡೋಜರುಗಳಿಂದ ಅಗೆಸಿ ಕಲೆಯೆಂದು ಕರೆಯುತ್ತಿದ್ದವರ ಕಾಲದಲ್ಲಿ, ಒಂದು ಮಳೆಗೆ ಮಾಯವಾಗುವ ಈ ಗುರುತುಗಳು ಪ್ರಕೃತಿಯಿಂದ ಸಾಲ ಪಡೆದು ಹಿಂದಿರುಗಿಸಿದಂತಿದ್ದವು. ಗ್ಯಾಲರಿಗೆ ಬಂದದ್ದು ಛಾಯಾಚಿತ್ರ ಮಾತ್ರ.

1980ರಲ್ಲಿ ಆಕೆ ಮತ್ತೆ ಕ್ಯೂಬಾದ ನೆಲ ಮೆಟ್ಟಿದಳು. ಮರುವರ್ಷ ಹವಾನಾ ಸಮೀಪದ ಹರುಕೊ ಬೆಟ್ಟಗಳ ಸುಣ್ಣಕಲ್ಲಿನ ಗುಹೆಗಳಲ್ಲಿ, ದ್ವೀಪದ ಮೂಲನಿವಾಸಿ ತಾಯಿನೋ ಜನರ ದೇವತೆಗಳ ಹೆಸರಿನಲ್ಲಿ ಸ್ತ್ರೀರೂಪಗಳನ್ನು ಕೆತ್ತಿದಳು. ಮಂಜಿನಲ್ಲಿ, ಮರಳಿನಲ್ಲಿ ಬರೆದ ಕೈ ತವರಿನಲ್ಲಿ ಮಾತ್ರ ಕಲ್ಲನ್ನು ಆರಿಸಿಕೊಂಡಿತು.

1983ರಲ್ಲಿ ಪ್ರತಿಷ್ಠಿತ ರೋಮ್ ಪುರಸ್ಕಾರ ಒಲಿಯಿತು. 1985ರ ಸೆಪ್ಟೆಂಬರ್ 8ರಂದು ನ್ಯೂಯಾರ್ಕಿನ ಮನೆಯ 34ನೆಯ ಮಹಡಿಯಿಂದ ಬಿದ್ದು ಅನಾ ಮೃತಪಟ್ಟಳು. ಆಗ ವಯಸ್ಸು 36. ಕೊಲೆಯ ಆರೋಪ ಎದುರಿಸಿದ ಪತಿ, ಶಿಲ್ಪಿ ಕಾರ್ಲ್ ಆಂಡ್ರೆಯನ್ನು ನ್ಯಾಯಾಲಯ 1988ರಲ್ಲಿ ಖುಲಾಸೆಗೊಳಿಸಿತು. ಆದರೂ ದಶಕಗಳ ಕಾಲ ಆತನ ಪ್ರದರ್ಶನಗಳ ಎದುರು ಮಹಿಳೆಯರು ಆಕೆಯ ಹೆಸರು ಹಿಡಿದು ಪ್ರತಿಭಟಿಸುತ್ತಲೇ ಬಂದರು.